ಲಸಿಕೆಯ ದಾರಿಯನ್ನು ಸವೆಸಬೇಕಾದವರು ಯಾರು?

2021ನೆಯ ಇಸವಿಯ ಮೇ ತಿಂಗಳನ್ನು ನೀವಾರೂ ಮರೆತಿರಲಾರಿರಿ. ಕೊರೋನಾದ ಎರಡನೆಯ ಅಲೆ ಊರು, ಕೇರಿ, ಓಣಿಗಳನ್ನೆಲ್ಲ ನಡುಗಿಸುತ್ತಿದ್ದ ದಿನಗಳವು. ಅದೇ ತಿಂಗಳ ಮೊದಲ ದಿನದಿಂದ ಹದಿನೆಂಟು ವರ್ಷ ತುಂಬಿದವರೆಲ್ಲರೂ ಲಸಿಕೆಗೆ ಅರ್ಹರೆಂದು ಕೇಂದ್ರ ಸರ್ಕಾರ ಸಾರಿತು. ನಮ್ಮ ರಾಜ್ಯದಲ್ಲಿ ಆ ವಯೋಮಾನದವರಿಗೆ ಲಸಿಕೆ ಹಾಕುವ ಕಾರ್ಯ ಮೇ 10ರಂದು ಆರಂಭವಾಯಿತು. ಆದರೆ ಒಂದು ಕರಾರಿತ್ತು. ‘ಕೋವಿನ್’ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನು ತುಂಬಿ, ಕೇಂದ್ರವನ್ನೂ ದಿನವನ್ನೂ ಮುಂಗಡವಾಗಿ ಗೊತ್ತುಮಾಡಿಕೊಂಡವರಿಗೆ ಮಾತ್ರ ಲಸಿಕೆ. ಜನರ ಬಾಯಲ್ಲಿ ಇದಕ್ಕೆ ‘ಸ್ಲಾಟ್’ ಎಂಬ ಹೆಸರಾಯಿತು. ‘ಸ್ಲಾಟ್ ಸಿಕ್ಕಿತೇ?’ ಎಂಬುದೇ ಆ ದಿನಗಳ ಕುಶಲಪ್ರಶ್ನೆಯಾಗಿಬಿಟ್ಟಿತು.

ಸ್ಲಾಟ್ ಹುಡುಕಲು ಎರಡು ದಾರಿಗಳಿದ್ದವು. ಪಿನ್‌ಕೋಡ್ ತುಂಬಿ ಹುಡುಕುವುದು ಒಂದು, ಜಿಲ್ಲೆಯ ಹೆಸರಿನಿಂದ ಹುಡುಕುವುದು ಇನ್ನೊಂದು. ತಮ್ಮ ಪಿನ್‌ಕೋಡಿನಲ್ಲಿ ಏನೂ ಕಾಣದಿದ್ದಾಗ ಜನರು ಸಹಜವಾಗಿಯೇ ಜಿಲ್ಲೆಯ ಹೆಸರನ್ನು ಒತ್ತುತ್ತಿದ್ದರು. ಆಗ ಇಡೀ ಜಿಲ್ಲೆಯ ಕೇಂದ್ರಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಕಲಬುರಗಿ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಆಳಂದದ ಮನೆಯೊಂದರಲ್ಲಿ ಕುಳಿತವನಿಗೆ ಜೇವರ್ಗಿಯ ಕೇಂದ್ರವೂ, ಜೇವರ್ಗಿಯವನಿಗೆ ಅಫಜಲಪುರದ ಕೇಂದ್ರವೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಗಳಂತೆ ತೋರುವ ಏರ್ಪಾಡು ಅದು. ಫೋನಿನ ಪರದೆಯ ಮೇಲೆ ದೂರವಿಲ್ಲ, ನೆಲದ ಮೇಲೆ ಇದೆ. ಆಳಂದದವನು ಸುಮಾರು 40 ಕಿಲೋಮೀಟರ್ ಬಂದು ಕಲಬುರಗಿ ಸೇರಬೇಕು, ಅಲ್ಲಿಂದ ತೆಂಕಣಕ್ಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ದಾರಿ ಸವೆಸಿ, ಭೀಮಾ ನದಿಯನ್ನು ದಾಟಿ ಜೇವರ್ಗಿಯನ್ನು ಮುಟ್ಟಬೇಕು. ಅಷ್ಟು ದೂರ ಹೋಗಲು ಬಸ್ಸಾದರೂ ಇತ್ತೇ? ಏಪ್ರಿಲ್ 27ರ ರಾತ್ರಿಯಿಂದಲೇ ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ನಿಂತುಹೋಗಿದ್ದವು. ಲಸಿಕೆಗೆ ಹೋಗುವವರಿಗೆ ಲಾಕ್‌ಡೌನಿನಿಂದ ವಿನಾಯಿತಿ ಇತ್ತೆಂಬುದು ನಿಜ. ಆದರೆ ವಿನಾಯಿತಿಯ ಮೇಲೆ ಕುಳಿತು ಯಾರೂ ಪ್ರಯಾಣ ಮಾಡಲಾರರು, ಅದಕ್ಕೆ ವಾಹನ ಬೇಕು.

ಇಲ್ಲಿಂದ ಹುಟ್ಟುವ ಪ್ರಶ್ನೆ ಸರಳವಾದುದು: ಔಷಧಿಗೂ ಮನುಷ್ಯನಿಗೂ ನಡುವಿನ ದೂರವನ್ನು ಕ್ರಮಿಸಬೇಕಾದವರು ಯಾರು? ಇದು 2021ರಲ್ಲಿ ಮೊದಲ ಬಾರಿಗೆ ಎದ್ದ ಪ್ರಶ್ನೆಯಲ್ಲ. ಲಸಿಕೆಯ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಎದುರಾಗಿದೆ. ಆ ಚರಿತ್ರೆಯನ್ನು ನಿಮ್ಮೊಡನೆ ಒಮ್ಮೆ ಮೆಲುಕು ಹಾಕುವುದು ಈ ಬರಹದ ಉದ್ದೇಶ.

ತೋಳಿನಿಂದ ತೋಳಿಗೆ

ಇಂಗ್ಲೆಂಡಿನ ಬರ್ಕ್‌ಲಿ ಎಂಬ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಎಂಟು ವರ್ಷದ ಬಾಲಕನೊಬ್ಬನಿಗೆ ಗೋಸಿಡುಬಿನ ಕೀವನ್ನು ಚುಚ್ಚಿ ಪರೀಕ್ಷಿಸಿದ ಸಂಗತಿ ಶಾಲಾಪುಸ್ತಕಗಳಲ್ಲಿದೆ. ಅಷ್ಟಾಗಿ ತಿಳಿಯದ ಸಂಗತಿ ಮತ್ತೊಂದಿದೆ. ಜೆನ್ನರ್ ತನ್ನ ಮನೆಯ ತೋಟದಲ್ಲಿದ್ದ ಚಿಕ್ಕ ಗುಡಿಸಲಿನಲ್ಲಿ ಬಡವರಿಗೆ ಹಣ ಪಡೆಯದೆ ಲಸಿಕೆ ಹಾಕುತ್ತಿದ್ದ. ಸುತ್ತಲಿನ ಹಳ್ಳಿಗರು ನಡೆದು ಬರಬಹುದಾದಷ್ಟು ದೂರದಲ್ಲಿ ಅದು ಇತ್ತು.

ಹಳ್ಳಿಯ ಮಾತು ಹಾಗಿರಲಿ, ದೇಶದೇಶಗಳಿಗೆ ಲಸಿಕೆಯನ್ನು ಒಯ್ಯುವ ಬಗೆ ಹೇಗೆ? ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಲಸಿಕೆಯ ರಸ ಬಿಸಿಲಿಗೆ ಬೇಗನೆ ಕೆಡುತ್ತಿತ್ತು. ಅದನ್ನು ಜೀವಂತವಾಗಿ ಉಳಿಸಲು ಖಚಿತವಾದ ದಾರಿ ಒಂದೇ ಇತ್ತು: ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಮತ್ತೊಂದು ಮಗುವಿನ ತೋಳಿಗೆ ದಾಟಿಸುವುದು. 1803ರಲ್ಲಿ ಸ್ಪೇನಿನ ವೈದ್ಯ ಬಾಲ್ಮಿಸ್ 22 ಅನಾಥ ಬಾಲಕರನ್ನು ಹಡಗಿಗೆ ಹತ್ತಿಸಿಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟಿದ. ಮಕ್ಕಳನ್ನು ನೋಡಿಕೊಳ್ಳಲು ಇಸಬೆಲ್ ಸೆಂದಾಲ್ ಎಂಬ ತಾಯಿ ಜೊತೆಗಿದ್ದಳು. ಸಾಗರದ ಉದ್ದಕ್ಕೂ ಒಬ್ಬರಿಂದೊಬ್ಬರಿಗೆ ದಾಟುತ್ತ ಲಸಿಕೆ ಅಮೆರಿಕ ಖಂಡವನ್ನು ಸೇರಿತು. ಜಗತ್ತಿಗೆ ಲಸಿಕೆಯನ್ನು ತಲುಪಿಸಿದ ಮಹಾನುಭಾವರ ಹೆಸರುಗಳನ್ನು ನಾವು ಹೇಳುತ್ತೇವೆ. ಆ ದೂರವನ್ನು ತಮ್ಮ ಮೈಮೇಲೆ ಹೊತ್ತವರು ತಂದೆತಾಯಿಗಳಿಲ್ಲದ ಮಕ್ಕಳೆಂಬುದನ್ನೂ ಹೇಳಬೇಕು.

ನಮ್ಮ ದೇಶಕ್ಕೆ ಲಸಿಕೆ ಬಂದ ಬಗೆಯೂ ಇಂಥದೇ. ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಅದು ಮುಂಬಯಿಯನ್ನು ತಲುಪಿತು. 1802ರ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿಯ ತೋಳಿನಲ್ಲಿ ಅದು ಫಲಿಸಿತು. ಭಾರತದಲ್ಲಿ ಸಿಡುಬಿನ ಲಸಿಕೆ ಪಡೆದ ಮೊದಲಿಗಳು ಆಕೆ. ಅವಳ ತೋಳಿನಿಂದ ಆರಂಭವಾದ ಸರಪಣಿ ಪುಣೆ, ಸೂರತ್ತು, ಮದರಾಸುಗಳಿಗೆ ಹಬ್ಬಿತು. ಮೈಸೂರಿನ ಅರಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ರಚಿಸಿದನೆನ್ನಲಾದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ತಾನು ಲಸಿಕೆ ಪಡೆದುದನ್ನು ಪ್ರಜೆಗಳಿಗೆ ತೋರುತ್ತಿರುವ ಚಿತ್ರವಿದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಿವೇಚನೆ. ಅರಮನೆಗೆ ಲಸಿಕೆ ತಾನೇ ನಡೆದು ಬಂದಿತು. ಬಡವರ ಗುಡಿಸಲಿಗೆ ಅದು ಬರಲು ಇನ್ನೂ ಬಹುಕಾಲ ಹಿಡಿಯಿತು.

ಊರೂರು ತಿರುಗಿದವರು

ಹಳೆಯ ಮೈಸೂರಿನ ಕಡೆ ‘ದಾಕು ಹಾಕುವುದು’ ಎಂಬ ಮಾತಿತ್ತು. ಸಿಡುಬನ್ನು ‘ದೇವಿ’ ಎಂದೂ ‘ಅಮ್ಮ’ ಎಂದೂ ಕರೆದ ನಮ್ಮ ಹಿರಿಯರಿಗೆ ರೋಗವೂ ಒಂದು ದೈವದ ಬರವಾಗಿತ್ತು. ಅಂಥ ಜನರ ನಡುವೆ ಚುಚ್ಚುವ ಸಲಕರಣೆಗಳನ್ನು ಹಿಡಿದು ಊರೂರು ತಿರುಗಿದವರು ಲಸಿಕೆ ಹಾಕುವ ಕೆಳದರ್ಜೆಯ ನೌಕರರು. ಅವರನ್ನು ಕಂಡರೆ ತಾಯಂದಿರು ಮಕ್ಕಳನ್ನು ಬಚ್ಚಿಡುತ್ತಿದ್ದುದುಂಟು. ತೋಳಿನಿಂದ ತೋಳಿಗೆ ದಾಟಿಸುವ ಕ್ರಮ ನೋವಿನದು, ಜಾತಿಯ ಮಡಿಗೂ ವಿರುದ್ಧವಾದದ್ದು. ಮುಂದೆ ಕರುಗಳ ಮೈಯಿಂದ ಲಸಿಕೆಯ ರಸವನ್ನು ತೆಗೆಯುವ ಕ್ರಮ ಬಂದಿತು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯಲ್ಪಡುವ ಮೈದಾನವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಮುಂಬಯಿ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳ ಅದು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಕಾಣಿಸಿದಾಗ ಅಲ್ಲಿಯ ಸಾವಿರಾರು ಜನರಿಗೆ ಈ ಲಸಿಕೆಯನ್ನು ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ಊರಿಗೆ ಊರೇ ಲಸಿಕೆ ಪಡೆದ ನಿದರ್ಶನ ಆ ಕಾಲದಲ್ಲಿ ಅಪರೂಪದ್ದು. ಲಸಿಕೆ ಹುಬ್ಬಳ್ಳಿಗೆ ಬಂದಿತ್ತು, ಹುಬ್ಬಳ್ಳಿಯವರು ಮುಂಬಯಿಗೆ ಹೋಗಲಿಲ್ಲ ಎಂಬುದನ್ನು ಗಮನಿಸಿ.

ಹುಡುಕಿಕೊಂಡು ಹೋದ ಲಸಿಕೆ

ಸ್ವತಂತ್ರ ಭಾರತ 1962ರಲ್ಲಿ ಸಿಡುಬು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಎಲ್ಲರಿಗೂ ಲಸಿಕೆ ಹಾಕಿದರೆ ರೋಗ ತಾನಾಗಿ ಹೋಗುವುದೆಂಬುದು ಮೊದಲ ಲೆಕ್ಕಾಚಾರ. ಕೋಟ್ಯಂತರ ಜನರಿಗೆ ಲಸಿಕೆ ಹಾಕಿದರೂ ರೋಗ ಹೋಗಲಿಲ್ಲ. ಸುಲಭವಾಗಿ ಸಿಗುವವರಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಪೇಟೆಯವರಿಗೆ, ರಸ್ತೆಬದಿಯ ಊರಿನವರಿಗೆ ಮತ್ತೆ ಮತ್ತೆ ಲಸಿಕೆ ಸಿಗುತ್ತಿತ್ತು. ಸಿಗದವರಿಗೆ ಎಂದೂ ಸಿಗುತ್ತಿರಲಿಲ್ಲ. ರೋಗ ಅಡಗಿದ್ದುದು ಆ ಸಿಗದವರ ಬಳಿ.

ಈ ಒಗಟನ್ನು ಬಿಡಿಸಿದವರಲ್ಲಿ ವಿಲಿಯಂ ಫೇಗಿ ಪ್ರಮುಖರು. ಲುಥೆರನ್ ಮಿಷನ್ನಿನ ವೈದ್ಯರಾಗಿ ಅವರು ನೈಜೀರಿಯಾದಲ್ಲಿ ಕೆಲಸ ಮಾಡುತ್ತಿದ್ದರು. 1966ರ ಡಿಸೆಂಬರಿನಲ್ಲಿ ಅವರಿದ್ದ ಪ್ರದೇಶದಲ್ಲಿ ಸಿಡುಬು ಕಾಣಿಸಿತು. ಎಲ್ಲರಿಗೂ ಹಾಕುವಷ್ಟು ಲಸಿಕೆ ಅವರ ಬಳಿ ಇರಲಿಲ್ಲ. ಸುತ್ತಲಿನ ಮಿಷನರಿಗಳನ್ನು ರೇಡಿಯೋ ಮೂಲಕ ಸಂಪರ್ಕಿಸಿ, ಹಳ್ಳಿಹಳ್ಳಿಗೆ ಆಳುಗಳನ್ನು ಕಳುಹಿಸಿ ಎಲ್ಲೆಲ್ಲಿ ರೋಗಿಗಳಿದ್ದಾರೆಂದು ವಿಚಾರಿಸಲು ಅವರು ಕೇಳಿಕೊಂಡರು. ರೋಗಿ ಇದ್ದ ಹಳ್ಳಿಗೇ ಹೋಗಿ ಅವನ ಸುತ್ತಲಿನವರಿಗೆ ಲಸಿಕೆ ಹಾಕಿದರು. ಇದ್ದ ಅಲ್ಪ ಲಸಿಕೆಯಿಂದಲೇ ರೋಗ ಅಡಗಿತು. ಅದೇ ಕ್ರಮ ಭಾರತಕ್ಕೂ ಬಂದಿತು. 1973ರಿಂದ 1975ರವರೆಗೆ ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು ‘ಇಂಥ ರೋಗಿ ನಿಮ್ಮಲ್ಲಿ ಇದ್ದಾನೆಯೇ?’ ಎಂದು ಮನೆಮನೆಯಲ್ಲಿ ವಿಚಾರಿಸಿದರು. 1975ರ ಮೇ ತಿಂಗಳಲ್ಲಿ ದೇಶದ ಕಡೆಯ ಸಿಡುಬು ರೋಗಿಯನ್ನು ಗುರುತಿಸಲಾಯಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಪೋಲಿಯೋದ ಕಥೆಯನ್ನು ನೀವೇ ಬಲ್ಲಿರಿ. 1995ರ ಡಿಸೆಂಬರಿನಲ್ಲಿ ಆರಂಭವಾದ ಪಲ್ಸ್ ಪೋಲಿಯೋದಲ್ಲಿ ಮೊದಲು ಬೂತುಗಳಿಗೆ ಮಕ್ಕಳನ್ನು ಕರೆತರುವ ಕ್ರಮವಿತ್ತು. ಬೂತಿಗೆ ಬಾರದ ಮಕ್ಕಳಿದ್ದಾರೆಂದು ಅರಿವಾದ ಮೇಲೆ ಕಾರ್ಯಕರ್ತೆಯರು ಮನೆಗಳಿಗೇ ಹೊರಟರು. ಎಲ್ಲ ಮಕ್ಕಳಿಗೂ ಹನಿ ಹಾಕಿದ್ದರೆ ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ಪಿ’ ಗುರುತು, ಒಂದು ಮಗು ತಪ್ಪಿದ್ದರೂ ‘ಎಕ್ಸ್’ ಗುರುತು. ‘ಎಕ್ಸ್’ ಇದ್ದ ಮನೆಗೆ ಮತ್ತೆ ಬರಲೇಬೇಕು. ಬಸ್ ನಿಲ್ದಾಣ, ಇಟ್ಟಿಗೆಗೂಡು, ಕಬ್ಬು ಕಡಿಯುವವರ ಬಿಡಾರಗಳನ್ನೂ ಅವರು ಬಿಡಲಿಲ್ಲ. 2011ರ ಜನವರಿ 13ರ ನಂತರ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನಿಂದ ಒಂದು ಮಗುವೂ ಬಾಧಿತವಾಗಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತಿಯ ಪ್ರಮಾಣಪತ್ರ ದೊರೆಯಿತು. ಈ ಗೆಲುವಿನ ಗುಟ್ಟು ಇಷ್ಟೇ: ಬಾರದವನನ್ನು ತಪ್ಪಿತಸ್ಥನೆಂದು ಎಣಿಸದೆ, ಅವನಿದ್ದಲ್ಲಿಗೆ ಹೋಗುವುದು ತಮ್ಮ ಕೆಲಸವೆಂದು ಆ ಕಾರ್ಯಕರ್ತೆಯರು ಭಾವಿಸಿದ್ದರು.

ಭೀಮೆಯ ಎರಡು ದಡಗಳಲ್ಲಿ

ಈಗ ಮತ್ತೆ ನಮ್ಮ ಮೂರು ತಾಲೂಕುಗಳ ಕಡೆ ಬರೋಣ. ಆಳಂದವು ಜಿಲ್ಲೆಯ ವಾಯವ್ಯಕ್ಕೆ, ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿದೆ. ಅಲ್ಲಿ ಹರಿಯುವ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಜೇವರ್ಗಿಯು ಭೀಮೆಯ ಆಚೆ ದಡದಲ್ಲಿದೆ. ತೊಗರಿ, ಜೋಳ, ಕಬ್ಬು ಬೆಳೆಯುವ ನೆಲ. ದುಡಿಮೆಯಿಲ್ಲದ ತಿಂಗಳುಗಳಲ್ಲಿ ಮುಂಬಯಿ, ಪುಣೆ, ಸೊಲ್ಲಾಪುರಗಳಿಗೆ ಗುಳೆ ಹೋಗುವ ಜನ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೂ ಜನ ಬಹುದೂರದಿಂದ ಬರುತ್ತಾರೆ. ದೂರಕ್ಕೆ ಈ ನೆಲದವರು ಅಂಜಿದವರಲ್ಲ. ಆದರೆ ಹರಕೆಗಾಗಿ ಒಪ್ಪಿಕೊಂಡ ದೂರ ಬೇರೆ, ಹಕ್ಕಿಗಾಗಿ ಹೇರಲ್ಪಟ್ಟ ದೂರ ಬೇರೆ.

ಚರಿತ್ರೆಯೂ ಈ ನೆಲವನ್ನು ದೂರದಲ್ಲೇ ಇರಿಸಿತ್ತು. 1948ರವರೆಗೆ ಇದು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅರ್ಧ ಶತಮಾನದ ಬಳಿಕ, 2002ರಲ್ಲಿ, ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ನೀಡಿದಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಸಂವಿಧಾನದ 371(ಜೆ) ವಿಧಿ ಬಂದುದು ಅದರ ಹತ್ತು ವರ್ಷಗಳ ನಂತರ.

ಕೊರೋನಾದ ಕಥೆಯಲ್ಲಿಯೂ ಈ ಜಿಲ್ಲೆಯ ಹೆಸರು ಮೊದಲಿಗೇ ಬರುತ್ತದೆ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು ಭಾರತದ ಮೊದಲ ಕೊರೋನಾ ಮರಣವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಅವರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಒಯ್ಯಲಾಗಿತ್ತು, ಮರಳಿ ಬರುವ ದಾರಿಯಲ್ಲಿ ಪ್ರಾಣ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದು ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಹಲವು ಹಳ್ಳಿಗಳನ್ನು ಮುಳುಗಿಸಿತು. ಕಾಯಿಲೆ, ನೆರೆ, ಕೆಲಸವಿಲ್ಲದೆ ಊರಿಗೆ ಮರಳಿದ ಮಕ್ಕಳು, ಇವೆಲ್ಲವನ್ನೂ ಉಂಡ ಮನೆಗಳಿಗೆ 2021ರಲ್ಲಿ ‘ಸ್ಲಾಟ್ ಹುಡುಕಿಕೊಳ್ಳಿ’ ಎಂಬ ಸೂಚನೆ ಬಂದಿತು.

ಬೆರಳ ತುದಿಯ ಸರದಿ

ಸರದಿಯ ಸಾಲಿಗೂ ಒಂದು ನ್ಯಾಯವಿದೆ: ಮೊದಲು ಬಂದವನಿಗೆ ಮೊದಲು. ಆದರೆ ಮೊದಲು ಬರಲು ಎಲ್ಲರಿಗೂ ಸಮಾನವಾದ ಕಾಲುಗಳಿರಬೇಕು. ಕೋವಿನ್‌ನಲ್ಲಿ ಕಾಲುಗಳ ಕೆಲಸವನ್ನು ಬೆರಳುಗಳು ಮಾಡಿದವು. ಒಳ್ಳೆಯ ಫೋನು, ಬಿಡದ ಇಂಟರ್‌ನೆಟ್ಟು, ಇಂಗ್ಲಿಷಿನ ಓದು, ಬಿಡುವಾದ ಹೊತ್ತು ಇದ್ದವರು ಮುಂದಾದರು. ಜಾಲತಾಣದಲ್ಲಿ ಕನ್ನಡ ಕಾಣಿಸಿದ್ದು ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ದೇಶದ ಹಲವೆಡೆ ನಗರದವರು ಹಳ್ಳಿಯ ಕೇಂದ್ರಗಳ ಸ್ಲಾಟುಗಳನ್ನು ಕಾಯ್ದಿರಿಸಿಕೊಂಡು ಕಾರುಗಳಲ್ಲಿ ಬರತೊಡಗಿದರು. ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲೂ ಹೀಗಾಯಿತು. ಹಳ್ಳಿಯವರು ತಮ್ಮೂರಿನ ಆಸ್ಪತ್ರೆಯ ಮುಂದೆ ನಿಂತು, ಪರಊರಿನವರು ಲಸಿಕೆ ಪಡೆದು ಹೋಗುವುದನ್ನು ನೋಡಬೇಕಾಯಿತು.

ಹಾಗೆ ಬಂದವರನ್ನು ದೂರುವುದು ಸುಲಭ. ಆದರೆ ಅವರೂ ಭಯದಿಂದ ಬಂದವರು, ಮನೆಯಲ್ಲಿ ವೃದ್ಧ ತಂದೆತಾಯಿಗಳನ್ನು ಬಿಟ್ಟು ಬಂದವರು. ಲಸಿಕೆಯೇ ಸಾಲದೆ ಮೇ 14ರಿಂದ ನಮ್ಮ ರಾಜ್ಯ ಹದಿನೆಂಟರಿಂದ ನಲವತ್ತನಾಲ್ಕರವರ ಲಸಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಮುಂಬಯಿಯಲ್ಲಿ ಮೊದಲ ಡೋಸ್ ಪಡೆದ ಆಳಂದದ ಕೂಲಿಕಾರನು ಊರಿಗೆ ಬಂದು ಎರಡನೆಯ ಡೋಸ್ ಪಡೆಯಲು ಸಾಧ್ಯವಾದದ್ದು ಇದೇ ಜಾಲತಾಣದ ಲೆಕ್ಕದಿಂದ. ಲೆಕ್ಕವಿಡುವ ಸಾಧನವಾಗಿ ಅದು ಒಳ್ಳೆಯದೇ. ಬಾಗಿಲು ಕಾಯುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದಾಗ ತೊಂದರೆಯಾಯಿತು.

ಶುಭಸಂದೇಶದ ಓದುಗರಾದ ನಿಮಗೆ ಇಲ್ಲಿ ಬೆತ್ಸಥದ ಕೊಳ ನೆನಪಾಗದಿರದು. ನೀರು ಕದಡಿದಾಗ ಮೊದಲು ಇಳಿದವನಿಗೆ ಆರೋಗ್ಯ. ಮೂವತ್ತೆಂಟು ವರ್ಷ ಅಲ್ಲಿಯೇ ಬಿದ್ದಿದ್ದ ರೋಗಿಯ ಅಳಲು ತನ್ನನ್ನು ಕೊಳಕ್ಕೆ ಇಳಿಸುವವರು ಯಾರೂ ಇಲ್ಲವೆಂಬುದು. ಪ್ರಭು ಅವನಿಗೆ ಬೇಗನೆ ಓಡುವ ಉಪಾಯವನ್ನು ಹೇಳಿಕೊಡಲಿಲ್ಲ, ತಾವೇ ಅವನ ಬಳಿಗೆ ಹೋದರು.

ಸಮಾಧಾನದ ಸಂಗತಿಯೆಂದರೆ ನಮ್ಮ ವ್ಯವಸ್ಥೆಯೂ ತಡವಾಗಿಯಾದರೂ ಹಳೆಯ ದಾರಿಗೆ ಮರಳಿತು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ಹೆಸರು ನೋಂದಾಯಿಸಲು ಅನುಮತಿ ದೊರೆಯಿತು. ಅದೇ ವಾರ ವೃದ್ಧರಿಗಾಗಿ, ಅಂಗವಿಕಲರಿಗಾಗಿ ಸಮುದಾಯ ಭವನ, ಶಾಲೆ, ಪಂಚಾಯಿತಿ ಕಟ್ಟಡಗಳಲ್ಲಿ ಮನೆಗೆ ಸಮೀಪದ ಲಸಿಕಾ ಕೇಂದ್ರಗಳನ್ನು ತೆರೆಯಲು ಕೇಂದ್ರದ ಆರೋಗ್ಯ ಸಚಿವಾಲಯ ಸೂಚಿಸಿತು. ಮೇ 31ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠ, ಡಿಜಿಟಲ್ ಸೌಲಭ್ಯವಿಲ್ಲದ ಬಡವರು ಜಾಲತಾಣವನ್ನೇ ನೆಚ್ಚಿದ ಲಸಿಕಾ ನೀತಿಯಿಂದ ಹೊರಗುಳಿಯುವರೆಂಬ ಆತಂಕವನ್ನು ವ್ಯಕ್ತಪಡಿಸಿ ಸರ್ಕಾರದಿಂದ ವಿವರಣೆ ಕೇಳಿತು. ಜೂನ್ 21ರಿಂದ ಹದಿನೆಂಟು ದಾಟಿದವರೆಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಕೇಂದ್ರ ಸರ್ಕಾರವೇ ಒದಗಿಸಿದ ಉಚಿತ ಲಸಿಕೆ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಲಸಿಕೆ ಹಾಕುವ ತೀರ್ಮಾನವಾಯಿತು, ನವೆಂಬರಿನಲ್ಲಿ ಮನೆಮನೆಯ ಬಾಗಿಲು ತಟ್ಟುವ ಅಭಿಯಾನ ದೇಶದಾದ್ಯಂತ ಹೊರಟಿತು. ಅದಕ್ಕೂ ಮುನ್ನ, ಅಕ್ಟೋಬರ್ 21ರಂದು, ದೇಶ 100 ಕೋಟಿ ಡೋಸುಗಳನ್ನು ದಾಟಿತ್ತು. ಆಶಾ ಕಾರ್ಯಕರ್ತೆಯರೂ ದಾದಿಯರೂ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊಲದ ಬದುಗಳಲ್ಲಿ ನಡೆಯದೆ ಆ ಸಂಖ್ಯೆ ತುಂಬುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಮಂಜುಗಡ್ಡೆ, ಎರಡರಿಂದ ಎಂಟು ಡಿಗ್ರಿ ತಂಪು; ಹೊರಗೆ ಕಲಬುರಗಿಯ ಬಿಸಿಲು.

ನಮಗಿರುವ ಪಾಠ

ಪ್ರಿಯ ಓದುಗರೇ, ಈ ಇನ್ನೂರು ವರ್ಷಗಳ ದಾರಿಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಔಷಧಿ ಜನರಿದ್ದಲ್ಲಿಗೆ ಹೋದಾಗಲೆಲ್ಲ ರೋಗ ಸೋತಿದೆ. ಜನರೇ ಔಷಧಿಯನ್ನು ಅರಸಿ ಬರಲೆಂದು ಕಾದಾಗಲೆಲ್ಲ, ಬರಲಾರದವರ ಮನೆಯಲ್ಲಿ ರೋಗ ಉಳಿದುಕೊಂಡಿದೆ. ಆದುದರಿಂದ ದೂರದ ಪ್ರಶ್ನೆ ಕೇವಲ ಅನುಕೂಲ, ಅನನುಕೂಲಗಳ ಮಾತಲ್ಲ. ಅದು ನ್ಯಾಯದ ಮಾತು, ವೈದ್ಯಶಾಸ್ತ್ರದ ಮಾತೂ ಹೌದು.

ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುಂಡನೆಯ ಕಲೆಗಳಿದ್ದರೆ ಅವುಗಳ ಕಥೆಯನ್ನು ಅವರ ಬಾಯಿಂದಲೇ ಕೇಳಿ, ಮಕ್ಕಳಿಗೂ ಕೇಳಿಸಿ. ಯಾರು ಬಂದು ಹಾಕಿದರು, ಎಲ್ಲಿ ಹಾಕಿದರು, ಎಷ್ಟು ಅತ್ತರು ಎಂಬುದನ್ನು ಅವರು ನೆನಪಿಸಿಕೊಳ್ಳುವರು. ನಿಮ್ಮ ಊರಿನ ಉಪಕೇಂದ್ರ ಎಲ್ಲಿದೆ, ಅಲ್ಲಿ ದಾದಿಯ ಹುದ್ದೆ ತುಂಬಿದೆಯೇ, ಮಕ್ಕಳ ಚುಚ್ಚುಮದ್ದಿನ ದಿನ ಯಾವುದು ಎಂಬುದನ್ನು ಕಾಯಿಲೆ ಬರುವ ಮುನ್ನವೇ ತಿಳಿದಿರಿ. ನಿಮ್ಮ ಓಣಿಯಲ್ಲಿ ಫೋನಿಲ್ಲದ ಅಜ್ಜಿ ಯಾರು, ಗುಳೆ ಹೋದವರ ಮನೆಯಲ್ಲಿ ಉಳಿದ ಮಕ್ಕಳು ಯಾರು, ಗಾಡಿಯಿಲ್ಲದ ಅಂಗವಿಕಲರು ಯಾರು ಎಂಬ ಪಟ್ಟಿ ಸರ್ಕಾರದ ಯಾವ ಜಾಲತಾಣಕ್ಕಿಂತಲೂ ನೆರೆಯವರಾದ ನಿಮಗೆ ಚೆನ್ನಾಗಿ ತಿಳಿದಿರುತ್ತದೆ. ಮುಂದೊಂದು ದಿನ ಅಂಥ ಕಷ್ಟಕಾಲ ಮತ್ತೆ ಬಂದರೆ, ಪರಊರಿನ ಸ್ಲಾಟ್ ಹಿಡಿದು ದಿಕ್ಕು ತೋಚದೆ ನಿಂತ ನೆರೆಯವನಿಗೆ ನಿಮ್ಮ ಗಾಡಿಯ ಹಿಂದಿನ ಸೀಟು ಖಾಲಿಯಿರಲಿ. ಜೊತೆಗೆ, ಅವನ ಊರಿನಲ್ಲೇ ಕೇಂದ್ರವೊಂದನ್ನು ತೆರೆಯಿರೆಂದು ಪಂಚಾಯಿತಿಗೆ ಬರೆಯುವ ಅರ್ಜಿಯಲ್ಲಿ ನಿಮ್ಮ ಸಹಿಯೂ ಇರಲಿ.